ಮನೆ ಕಂಪ್ಯೂಟರಿಗೆ ಯಾವ ಎಸ್‌ಎಸ್‌ಡಿ ಹಾಕಿಸಬೇಕು? ತುಮಕೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಮನೆ ಕಂಪ್ಯೂಟರ್‌ಗಳನ್ನು ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಗುಬ್ಬಿ, ಶಿರಾ, ಕುಣಿಗಲ್, ತಿಪಟೂರು ಕಡೆಯಿಂದಲೂ ಸಿಪಿಯು ಡಬ್ಬ ಹೊತ್ತುಕೊಂಡು ಬಸ್ಸಿನಲ್ಲಿ ಬರುವವರಿದ್ದಾರೆ. ಹೆಚ್ಚಿನವರ ದೂರು ಒಂದೇ: "ಆನ್ ಮಾಡಿ ಕಾಫಿ ಕುಡಿದು ಬಂದರೂ ಇನ್ನೂ ಸುತ್ತುತ್ತಾನೇ ಇರುತ್ತೆ ಸಾರ್." ಇದಕ್ಕೆ ನಾನು ಹೇಳುವ ಮದ್ದು ಹೆಚ್ಚಾಗಿ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನ ಬದಲು ವಿಂಡೋಸ್, ಫೈಲು ಎಲ್ಲಾ ಇಡುವ ಚಿಪ್ಪಿನ ಡ್ರೈವ್. ಅದರ ಬಗ್ಗೆ ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಕೆಲವು ಉತ್ತರ ಉದ್ದವಾಗಿವೆ. ಅಲ್ಲಿ ತಪ್ಪಿದರೆ ದುಡ್ಡೋ ಫೋಟೋಗಳೋ ಹೋಗುತ್ತವೆ, ಅದಕ್ಕೆ.

ಏಳೆಂಟು ವರ್ಷ ಹಳೇ ಕಂಪ್ಯೂಟರ್. ಎಸ್‌ಎಸ್‌ಡಿ ಹಾಕಿಸಿದರೆ ನಿಜವಾಗಿ ವ್ಯತ್ಯಾಸ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಮೊದಲ ಸಲ ಆನ್ ಮಾಡಿದಾಗಲೇ ಗೊತ್ತಾಗುತ್ತದೆ.

ಹಾರ್ಡ್ ಡಿಸ್ಕಿನ ಒಳಗೆ ಒಂದು ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತಿರುತ್ತದೆ. ಕೆಲವದರಲ್ಲಿ 5400. ಓದುವ ಹೆಡ್ಡು ತಟ್ಟೆಯ ಮೇಲೆ ಆ ಕಡೆ ಈ ಕಡೆ ಸರಿದು ಬೇಕಾದ ಸಾಲನ್ನು ಹಿಡಿಯಬೇಕು. ಆಮೇಲೆ ಬೇಕಾದ ಜಾಗ ತಿರುಗಿ ತನ್ನ ಕೆಳಗೆ ಬರುವ ತನಕ ಕಾಯಬೇಕು. ಒಂದು ಹುಡುಕಾಟಕ್ಕೆ ಹತ್ತು ಮಿಲಿಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ. ಅಂದರೆ ಸೆಕೆಂಡಿಗೆ ನೂರು ಹುಡುಕಾಟ ಮಾಡುವುದೇ ಅದಕ್ಕೆ ಕಷ್ಟ. ವಿಂಡೋಸ್ ಶುರುವಾಗುವಾಗ ಅಲ್ಲೊಂದು ಇಲ್ಲೊಂದು ಚದುರಿರುವ ಸಾವಿರಾರು ಸಣ್ಣ ಸಣ್ಣ ಫೈಲುಗಳನ್ನು ಓದುತ್ತದೆ. ನೀವು ಕಾಫಿ ಕುಡಿಯುವಷ್ಟು ಹೊತ್ತು ಹೋಗುವುದು ಅಲ್ಲೇ.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಬರೀ ಚಿಪ್ಪುಗಳು. ಅದೇ ಹುಡುಕಾಟ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಮುಗಿಯುತ್ತದೆ. ಪ್ರೊಸೆಸರ್ ಅದೇ, ಬೋರ್ಡ್ ಅದೇ, ಆದರೂ ಯಂತ್ರ ಹೊಸದರ ಹಾಗೆ ಓಡುತ್ತದೆ.

ನಿಮ್ಮ ಕಾಯಿಲೆ ಇದೇನಾ ಅಂತ ಮೊದಲು ನೋಡಿಕೊಳ್ಳಿ. ಕಂಪ್ಯೂಟರ್ ನಿಧಾನವಾಗಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಕಾಲಂ ನೋಡಿ. ಅದು 100% ಆಸುಪಾಸಿನಲ್ಲೇ ನಿಂತಿದ್ದರೆ ಎಸ್‌ಎಸ್‌ಡಿಯೇ ಮದ್ದು. ಮೆಮೊರಿ ಕಾಲಂ ಕೂಡ 90% ದಾಟಿದ್ದರೆ ರ‍್ಯಾಮ್ ಕೂಡ ಸಾಲುತ್ತಿಲ್ಲ ಅಂತ ಅರ್ಥ. 4 ಜಿಬಿ ರ‍್ಯಾಮ್ ಇರುವವರಿಗೆ ನಾನು ಎಸ್‌ಎಸ್‌ಡಿ ಜೊತೆಗೇ 8 ಜಿಬಿ ಮಾಡಿಸಿಕೊಳ್ಳಿ ಅನ್ನುತ್ತೇನೆ.

ಸಾಟಾ, ಎಂ.2, ಎನ್‌ವಿಎಂಇ ಅಂತಾರೆ. ಏನಿದು?

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಎಂ.2 ಅನ್ನುವುದು ಆಕಾರದ ಹೆಸರು. ಚೂಯಿಂಗ್ ಗಮ್ ಪಟ್ಟಿಯಷ್ಟು ತೆಳ್ಳಗಿನ ಹಲಗೆ, ನೇರ ಮದರ್‌ಬೋರ್ಡಿನ ಮೇಲೆ ಕೂರುತ್ತದೆ. ಪೆಟ್ಟಿಗೆ ಮೇಲೆ 2280 ಅಂತ ಇದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಅಂತ ಅರ್ಥ. ಡೆಸ್ಕ್‌ಟಾಪಿಗೆ ಈ ಅಳತೆಯೇ ಸಾಮಾನ್ಯ.

ಸಾಟಾ ಮತ್ತು ಎನ್‌ವಿಎಂಇ ಅನ್ನುವುದು ಮಾಹಿತಿ ಓಡಾಡುವ ದಾರಿಯ ಹೆಸರು. ಸಾಟಾ ಹಾರ್ಡ್ ಡಿಸ್ಕಿನ ಕಾಲದ ದಾರಿ. ಅದರಲ್ಲಿ ಸೆಕೆಂಡಿಗೆ ಸುಮಾರು 550 ಎಂಬಿ ದಾಟಲು ಆಗುವುದಿಲ್ಲ. ಎನ್‌ವಿಎಂಇ ಎಸ್‌ಎಸ್‌ಡಿಯೊಳಗಿನ ಫ್ಲ್ಯಾಶ್ ಚಿಪ್ಪಿಗೆ ಅಂತಲೇ ಮಾಡಿದ ದಾರಿ, ಮೊದಲ ಆವೃತ್ತಿ 2011ರಲ್ಲಿ ಬಂತು. ಇದು ಪಿಸಿಐ ಎಕ್ಸ್‌ಪ್ರೆಸ್ ಅನ್ನುವ, ಬೋರ್ಡಿನ ವೇಗದ ಹಾದಿಯ ಮೇಲೆ ಓಡುತ್ತದೆ. ಆ ಹಾದಿಯ ತಲೆಮಾರನ್ನು ಜೆನ್ ಅನ್ನುತ್ತಾರೆ. ಜೆನ್3 ಆದರೆ ಸುಮಾರು 3500 ಎಂಬಿ, ಜೆನ್4 ಆದರೆ 7000 ಎಂಬಿ ತನಕ ಹೋಗುತ್ತದೆ.

ತೊಡಕು ಏನೆಂದರೆ, ಎಂ.2 ಆಕಾರದ್ದೆಲ್ಲ ಎನ್‌ವಿಎಂಇ ಅಲ್ಲ. ಎಂ.2 ಆಕಾರದಲ್ಲೇ ಸಾಟಾ ದಾರಿಯದೂ ಬರುತ್ತದೆ. ನೋಡಲು ಎರಡೂ ಒಂದೇ ಥರ. ಬೋರ್ಡಿನ ಸ್ಲಾಟು ಎನ್‌ವಿಎಂಇ ಮಾತ್ರ ಒಪ್ಪುವಂಥದ್ದಾಗಿದ್ದು, ನೀವು ಎಂ.2 ಸಾಟಾ ತಂದರೆ ಅದು ಕೂರಬಹುದು, ಆದರೆ ಕಂಪ್ಯೂಟರಿಗೆ ಕಾಣಿಸುವುದಿಲ್ಲ. ಅಂಗಡಿಯಲ್ಲಿ "ಎಂ.2 ಕೊಡಿ" ಅಂತ ಬಿಡಬೇಡಿ. "ಎಂ.2 ಎನ್‌ವಿಎಂಇ" ಅಥವಾ "ಎಂ.2 ಸಾಟಾ" ಅಂತ ಪೂರ್ತಿ ಹೇಳಿ.

ಮೂರನೆಯದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಚಪ್ಪಟೆ ಡಬ್ಬಿ, ಸಾಮಾನ್ಯವಾಗಿ 7 ಮಿಲಿಮೀಟರ್ ದಪ್ಪ. ಹಾರ್ಡ್ ಡಿಸ್ಕಿಗೆ ಹಾಕುವ ಕೇಬಲ್ಲೇ ಇದಕ್ಕೂ ಆಗುತ್ತದೆ. ಹಳೇ ಕಂಪ್ಯೂಟರ್ ಇರುವವರ ಪಾಲಿಗೆ ಇದೇ ನೆಂಟ.

ನಮ್ಮ ಬೋರ್ಡಿಗೆ ಯಾವುದು ಆಗುತ್ತೆ ಅಂತ ತಿಳಿಯೋದು ಹೇಗೆ?

ಬೋರ್ಡಿನ ಮಾಡೆಲ್ ಹೆಸರು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ವಿಂಡೋಸ್ ಸರ್ಚಿನಲ್ಲಿ ಸಿಸ್ಟಂ ಇನ್ಫರ್ಮೇಷನ್ ಅಂತ ಹುಡುಕಿ ತೆರೆದರೆ ಬೇಸ್‌ಬೋರ್ಡ್ ಪ್ರಾಡಕ್ಟ್ ಅನ್ನುವ ಸಾಲಿನಲ್ಲಿ ಇರುತ್ತದೆ. ಸಿಪಿಯು-ಝಡ್ ಅನ್ನುವ ಉಚಿತ ಪ್ರೋಗ್ರಾಂ ಕೂಡ ತೋರಿಸುತ್ತದೆ. ಡಬ್ಬ ಬಿಚ್ಚಿದರೆ ಬೋರ್ಡಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆ ಹೆಸರಿನ ಮ್ಯಾನ್ಯುಯಲ್ ಇಳಿಸಿಕೊಂಡು ಸ್ಟೋರೇಜ್ ಭಾಗ ಓದಿ.

ನಮ್ಮ ಕಡೆ ಮನೆಗಳಲ್ಲಿ ಜಾಸ್ತಿ ಕಾಣುವ ಬೋರ್ಡುಗಳ ಲೆಕ್ಕ ಹೀಗಿದೆ. ಬೋರ್ಡನ್ನು ಅದರ ಮುಖ್ಯ ಚಿಪ್ಪಿನ, ಅಂದರೆ ಚಿಪ್‌ಸೆಟ್ಟಿನ, ಹೆಸರಿನಿಂದ ಕರೆಯುತ್ತೇವೆ. ಇಂಟೆಲ್ ಎಚ್61 ಇದ್ದರೆ ಎಂ.2 ಸ್ಲಾಟಿನ ಆಸೆ ಬಿಡಿ. ಎಚ್81ರಲ್ಲೂ ಹೆಚ್ಚುಕಮ್ಮಿ ಹಾಗೇ. ಎಚ್110ರಲ್ಲಿ ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಎಚ್310ರಲ್ಲಿ ಎಷ್ಟೋ ಬೋರ್ಡುಗಳಲ್ಲಿ ಇದೆ, ಆದರೆ ಆ ಚಿಪ್‌ಸೆಟ್ ಕೊಡುವುದು ಜೆನ್2 ವೇಗ ಮಾತ್ರ. ಎಎಂಡಿ ಬಿ450ರಲ್ಲಿ ಜೆನ್3, ಬಿ550ರಲ್ಲಿ ಸರಿಯಾದ ಪ್ರೊಸೆಸರ್ ಇದ್ದರೆ ಜೆನ್4. ಇನ್ನೊಂದು ವಿಷಯ: ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟಿಗೆ ಏನಾದರೂ ಹಾಕಿದರೆ ಒಂದು ಸಾಟಾ ಪೋರ್ಟು ನಿಂತುಹೋಗುತ್ತದೆ. "ಎಸ್‌ಎಸ್‌ಡಿ ಹಾಕಿಸಿದ ಮೇಲೆ ಹಾರ್ಡ್ ಡಿಸ್ಕ್ ಮಾಯ ಆಯ್ತು" ಅಂತ ಗಾಬರಿಯಿಂದ ಬಂದವರಿದ್ದಾರೆ. ಕೇಬಲ್ ಪಕ್ಕದ ಪೋರ್ಟಿಗೆ ಬದಲಾಯಿಸಿದ್ದಷ್ಟೇ ನಾನು ಮಾಡಿದ್ದು.

ನಮ್ಮದು ಎಚ್61. ಅದರ ಸಾಟಾ ಪೋರ್ಟೇ ನಿಧಾನ ಅಂತಾರಲ್ಲ, ಹಾಕಿಸಿ ದಂಡನಾ?

ದಂಡ ಅಲ್ಲ. ಎಚ್61 ಚಿಪ್‌ಸೆಟ್ ಕೊಡುವುದು ಹಳೇ ಸಾಟಾ 2 ದಾರಿ, ಅದು ನಿಜ. 550 ಎಂಬಿ ಓಡುವ ಎಸ್‌ಎಸ್‌ಡಿ ಅಲ್ಲಿ 270 ಎಂಬಿ ಆಸುಪಾಸಿಗೆ ನಿಲ್ಲುತ್ತದೆ. ಆದರೆ ಮೇಲೆ ಹೇಳಿದೆನಲ್ಲ, ನಿಮಗೆ ಬೇಕಿರುವುದು ಹುಡುಕಾಟದ ವೇಗ. ಅದು ಆ ಪೋರ್ಟಿನಲ್ಲೂ ಹಾರ್ಡ್ ಡಿಸ್ಕಿಗಿಂತ ಎಷ್ಟೋ ಪಟ್ಟು ಚೆನ್ನಾಗಿರುತ್ತದೆ. ನಾಳೆ ಹೊಸ ಕಂಪ್ಯೂಟರ್ ಕೊಂಡರೆ ಇದೇ ಎಸ್‌ಎಸ್‌ಡಿ ಅದಕ್ಕೆ ಹಾಕಿಕೊಳ್ಳಬಹುದು. ದುಡ್ಡು ಎಲ್ಲೂ ಹೋಗುವುದಿಲ್ಲ.

ಹಳೇ ಬೋರ್ಡಿಗೆ ಕಾರ್ಡ್ ಹಾಕಿ ಎನ್‌ವಿಎಂಇ ಕೂರಿಸಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಒಂದು ಪ್ರಶ್ನೆ ಕೇಳಿ: "ಅದರಿಂದ ವಿಂಡೋಸ್ ಬೂಟ್ ಆಗುತ್ತಾ?" ಆ ಕಾಲದ ಬಯೋಸಿಗೆ (ಆನ್ ಮಾಡಿದಾಗ ವಿಂಡೋಸಿಗಿಂತ ಮೊದಲು ಎದ್ದು ಡ್ರೈವ್ ಹುಡುಕುವ ಬೋರ್ಡಿನ ಪ್ರೋಗ್ರಾಂ) ಎನ್‌ವಿಎಂಇಯಿಂದ ಬೂಟ್ ಆಗುವುದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಹೊಸ ವಿಂಡೋಸ್ ಹಾಕುವ ಮುಂಚೆ ಬಯೋಸಿನಲ್ಲಿ ಸಾಟಾ ಮೋಡ್ ಹಳೇ ಐಡಿಇ ಇದ್ದರೆ ಹೊಸದಾದ ಎಎಚ್‌ಸಿಐಗೆ ಬದಲಾಯಿಸಿಕೊಳ್ಳಿ.

ಸೆಕೆಂಡಿಗೆ 7000 ಎಂಬಿ ಅಂತ ಬರೆದಿರೋದು ತಗೊಂಡರೆ ಹತ್ತು ಪಟ್ಟು ಬೇಗ ಆಗುತ್ತಾ?

ಇಲ್ಲ. ಪೆಟ್ಟಿಗೆ ಮೇಲಿನ ದೊಡ್ಡ ಅಂಕಿ ಒಂದೇ ದೊಡ್ಡ ಫೈಲನ್ನು ಸಾಲಾಗಿ ಓದುವ ವೇಗ. ಮನೆಯಲ್ಲಿ ನಾವು ಮಾಡುವುದು ಬ್ರೌಸರ್, ಟ್ಯಾಲಿ, ಮಕ್ಕಳ ಪ್ರಾಜೆಕ್ಟು, ಆನ್‌ಲೈನ್ ಅರ್ಜಿ. ಇವೆಲ್ಲ ಸಣ್ಣ ಸಣ್ಣ ಓದು ಬರಹ. ಅಲ್ಲಿ ಸಾಟಾ ಎಸ್‌ಎಸ್‌ಡಿಗೂ ಜೆನ್4ಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಕಷ್ಟ. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬರುವುದೇ ದೊಡ್ಡ ಜಿಗಿತ. ಆಮೇಲಿನವೆಲ್ಲ ಸಣ್ಣ ಮೆಟ್ಟಿಲು.

ಮದುವೆ ವಿಡಿಯೋ ಎಡಿಟಿಂಗ್ ಮಾಡುವವರಿಗೆ, ದಿನಾ ನೂರಾರು ಜಿಬಿ ಆ ಕಡೆ ಈ ಕಡೆ ಸಾಗಿಸುವವರಿಗೆ ಮಾತ್ರ ಆ ಅಂಕಿಗೆ ಅರ್ಥ ಇದೆ. ಉಳಿದವರು ಆ ದುಡ್ಡನ್ನು ಜಾಸ್ತಿ ಜಿಬಿಗೆ ಹಾಕಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಂದ ಹಾಗೆ ಜೆನ್4 ಎಸ್‌ಎಸ್‌ಡಿಯನ್ನು ಜೆನ್3 ಸ್ಲಾಟಿಗೆ ಹಾಕಿದರೂ ಕೆಲಸ ಮಾಡುತ್ತದೆ, ಜೆನ್3 ವೇಗದಲ್ಲಿ. ಬೆಲೆ ಒಂದೇ ಇದ್ದರೆ ಜೆನ್4 ತಗೊಳ್ಳಿ.

ಎಷ್ಟು ಜಿಬಿ ಸಾಕು?

ವಿಂಡೋಸ್ 11 ಕನಿಷ್ಠ 64 ಜಿಬಿ ಕೇಳುತ್ತದೆ. ಅದು ಕಾಲಿಡಲು ಮಾತ್ರ ಸಾಕು. 256 ಜಿಬಿ ಹಾಕಿಸಿಕೊಂಡವರು ವರ್ಷದೊಳಗೆ "ಸಿ ಡ್ರೈವ್ ಕೆಂಪಾಗಿದೆ" ಅಂತ ವಾಪಸ್ ಬರುವುದನ್ನು ನೋಡುತ್ತಲೇ ಇದ್ದೇನೆ. ಎಸ್‌ಎಸ್‌ಡಿಯನ್ನು ಕುತ್ತಿಗೆವರೆಗೆ ತುಂಬಿಸಿದರೆ ಬರೆಯುವ ವೇಗವೂ ಬೀಳುತ್ತದೆ. ಐದರಲ್ಲಿ ಒಂದು ಪಾಲು ಖಾಲಿ ಇಡಬೇಕು. ಆದ್ದರಿಂದ ಹಳೇ ಹಾರ್ಡ್ ಡಿಸ್ಕನ್ನು ಫೋಟೋ, ಸಿನಿಮಾಗೆ ಉಳಿಸಿಕೊಳ್ಳುವವರಿಗೆ 500 ಜಿಬಿ. ಒಂದೇ ಡ್ರೈವಿನಲ್ಲಿ ಎಲ್ಲಾ ಇರಲಿ ಅನ್ನುವವರಿಗೆ, ಗೇಮ್ ಆಡುವ ಮಕ್ಕಳಿರುವವರಿಗೆ 1 ಟಿಬಿ.

1 ಟಿಬಿ ಹಾಕಿಸಿದರೆ ವಿಂಡೋಸಿನಲ್ಲಿ 931 ಜಿಬಿ ಅಂತ ಕಾಣುತ್ತದೆ. 500 ಜಿಬಿ ಹಾಕಿಸಿದರೆ 465. ಅಂಗಡಿಯವರು ಮೋಸ ಮಾಡಿಲ್ಲ. ಕಂಪನಿ 1000ದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ.

ಟಿಎಲ್‌ಸಿ, ಕ್ಯೂಎಲ್‌ಸಿ, ಡಿರ‍್ಯಾಮ್. ಇವನ್ನೆಲ್ಲ ನೋಡಬೇಕಾ?

ಒಂದು ನೋಟ ನೋಡಿ. ಎಸ್‌ಎಸ್‌ಡಿಯೊಳಗಿನ ನ್ಯಾಂಡ್ ಫ್ಲ್ಯಾಶ್ ಜಪಾನಿನ ತೋಶಿಬಾ ಕಂಪನಿಯಲ್ಲಿ ಹುಟ್ಟಿದ್ದು. ಫುಜಿಯೋ ಮಸುಓಕಾ ಮತ್ತು ಅವರ ತಂಡ 1987ರಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಅದರ ಒಂದೊಂದು ಪುಟ್ಟ ಕೋಣೆಯಲ್ಲಿ ವಿದ್ಯುತ್ ಕಣಗಳನ್ನು ಕೂಡಿಹಾಕಿ ಮಾಹಿತಿ ಬರೆಯುತ್ತಾರೆ. ಮೊದಲು ಕೋಣೆಗೆ ಒಂದು ಬಿಟ್ ಇತ್ತು. ಟಿಎಲ್‌ಸಿ ಅಂದರೆ ಕೋಣೆಗೆ ಮೂರು ಬಿಟ್. ಕ್ಯೂಎಲ್‌ಸಿ ಅಂದರೆ ನಾಲ್ಕು. ಒಂದೇ ಕೋಣೆಯಲ್ಲಿ ಜಾಸ್ತಿ ತುಂಬಿಸಿದಷ್ಟೂ ಅಗ್ಗ, ಆದರೆ ಬರೆಯುವುದು ನಿಧಾನ, ಸವೆಯುವುದು ಬೇಗ. ವಿಂಡೋಸ್ ಹಾಕುವ ಡ್ರೈವಿಗೆ ಟಿಎಲ್‌ಸಿ ಇರಲಿ. ಕ್ಯೂಎಲ್‌ಸಿ ಕೆಟ್ಟದ್ದಲ್ಲ, ಬರೀ ಫೈಲ್ ತುಂಬಿಡುವ ಎರಡನೇ ಡ್ರೈವಿಗೆ ಸರಿ.

ಡಿರ‍್ಯಾಮ್ ಅಂದರೆ ಯಾವ ಫೈಲು ಎಲ್ಲಿದೆ ಅನ್ನುವ ಪಟ್ಟಿ ಇಟ್ಟುಕೊಳ್ಳುವ ಸಣ್ಣ ಮೆಮೊರಿ. ಎನ್‌ವಿಎಂಇಯಲ್ಲಿ ಅದಿಲ್ಲದಿದ್ದರೂ ಕಂಪ್ಯೂಟರಿನ ರ‍್ಯಾಮಿನಿಂದ ಒಂಚೂರು ಸಾಲ ಪಡೆದು ನಡೆಸುತ್ತದೆ, ಚಿಂತೆಯಿಲ್ಲ. ಸಾಟಾದಲ್ಲಿ ಆ ಸೌಲಭ್ಯ ಇಲ್ಲ. ಹಾಗಾಗಿ ಸಾಟಾ ಕೊಳ್ಳುವಾಗ ಕೈಗೆಟುಕಿದರೆ ಡಿರ‍್ಯಾಮ್ ಇರುವುದನ್ನೇ ಆರಿಸಿ.

ಎಸ್‌ಎಸ್‌ಡಿ ಬರೆದು ಬರೆದು ಸವೆದು ಹೋಗುತ್ತಂತೆ. ಎಷ್ಟು ವರ್ಷ ಬರುತ್ತೆ?

ಸವೆಯುವುದು ನಿಜ. ಎಷ್ಟು ಬರೆದರೆ ಅನ್ನುವುದನ್ನು ಕಂಪನಿಯೇ ಟಿಬಿಡಬ್ಲ್ಯೂ ಅಂತ ಬರೆದಿರುತ್ತದೆ. ಉದಾಹರಣೆಗೆ ಸ್ಯಾಮ್‌ಸಂಗ್ 870 ಇವೋ 500 ಜಿಬಿಗೆ 300 ಟಿಬಿಡಬ್ಲ್ಯೂ, ಅಂದರೆ 300 ಟಿಬಿ ಬರೆಯುವ ತನಕ ವಾರಂಟಿ, ಅಥವಾ 5 ವರ್ಷ, ಯಾವುದು ಮೊದಲೋ ಅದು. ಮನೆಯಲ್ಲಿ ದಿನಕ್ಕೆ 20 ಜಿಬಿ ಬರೆಯುತ್ತೀರಿ ಅಂತ ಧಾರಾಳವಾಗಿ ಲೆಕ್ಕ ಹಾಕಿದರೂ 300 ಟಿಬಿ ಮುಗಿಸಲು 15,000 ದಿನ ಬೇಕು. ನಲವತ್ತೊಂದು ವರ್ಷ! ಸವೆತದ ಚಿಂತೆ ಬಿಡಿ. ನನ್ನ ಕೈಗೆ ಬಂದ ಸತ್ತ ಎಸ್‌ಎಸ್‌ಡಿಗಳಲ್ಲಿ ಸವೆದು ಸತ್ತದ್ದನ್ನು ನಾನು ಕಂಡಿಲ್ಲ. ಒಳಗಿನ ಕೆಲಸ ನಡೆಸುವ ಕಂಟ್ರೋಲರ್ ಚಿಪ್ಪು ಕೆಟ್ಟು ಇದ್ದಕ್ಕಿದ್ದ ಹಾಗೆ ಹೋದವೇ ಎಲ್ಲಾ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಟಿಬಿಡಬ್ಲ್ಯೂ ಇನ್ನೊಂದಕ್ಕೆ ಉಪಯೋಗ. ಒಂದೇ ಅಳತೆಯ ಎರಡು ಎಸ್‌ಎಸ್‌ಡಿ ಎದುರಿಗಿದ್ದು, ಒಂದಕ್ಕೆ 600, ಇನ್ನೊಂದಕ್ಕೆ 220 ಅಂತ ಇದ್ದರೆ ಕಡಿಮೆ ಇರುವುದು ಹೆಚ್ಚಾಗಿ ಕ್ಯೂಎಲ್‌ಸಿ. ಪೆಟ್ಟಿಗೆ ಮೇಲೆ ಬರೆಯದಿದ್ದರೂ ಹೀಗೆ ಊಹಿಸಬಹುದು.

ಯಾವ ಕಂಪನಿ ಒಳ್ಳೆಯದು?

ಸ್ಯಾಮ್‌ಸಂಗ್, ಡಬ್ಲ್ಯೂಡಿ, ಸ್ಯಾನ್‌ಡಿಸ್ಕ್, ಕ್ರೂಷಿಯಲ್, ಕಿಂಗ್‌ಸ್ಟನ್. ಇವುಗಳಲ್ಲಿ ನಿಮ್ಮ ಬಜೆಟ್ಟಿಗೆ ಕೂರುವುದು ಯಾವುದಾದರೂ ಸರಿ. ಕ್ರೂಷಿಯಲ್ ಹೆಸರಿನ ಮಾರಾಟ ನಿಲ್ಲಿಸುವುದಾಗಿ ಅದರ ಒಡೆಯ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಹೇಳಿದೆ. ಮಾರಿರುವುದಕ್ಕೆ ವಾರಂಟಿ ಮುಂದುವರಿಸುತ್ತೇವೆ ಅಂತಲೂ ಹೇಳಿದೆ. ಈಗಾಗಲೇ ಕೊಂಡವರು ಗಾಬರಿಯಾಗಬೇಕಿಲ್ಲ.

ನಾನು ಹೆಸರಿಗಿಂತ ವಾರಂಟಿ ನೋಡುತ್ತೇನೆ. 3 ವರ್ಷದ್ದಕ್ಕೂ 5 ವರ್ಷದ್ದಕ್ಕೂ ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸ ಇದ್ದರೆ ಕಣ್ಣು ಮುಚ್ಚಿ 5 ವರ್ಷದ್ದು.

ಆನ್‌ಲೈನಿನಲ್ಲಿ 2 ಟಿಬಿ ಎಸ್‌ಎಸ್‌ಡಿ ಒಂದೂವರೆ ಸಾವಿರಕ್ಕೆ ಇದೆ. ತಗೊಳ್ಳಲಾ?

ದಯವಿಟ್ಟು ಬೇಡ. ಇಂಥದ್ದೊಂದನ್ನು ಕಾಲೇಜು ಹುಡುಗನೊಬ್ಬ ನನ್ನ ಹತ್ತಿರ ತಂದಿದ್ದ. ಕಂಪ್ಯೂಟರಿನಲ್ಲಿ 2 ಟಿಬಿ ಅಂತಲೇ ತೋರಿಸುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ಒಂದು ಮೆಮೊರಿ ಕಾರ್ಡು, ಗೋಂದು ಹಾಕಿ ಅಂಟಿಸಿದ್ದು. ಅದರ ಸಾಫ್ಟ್‌ವೇರಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಕಾರ್ಡು ತುಂಬಿದ ಮೇಲೆ ಹಳೆಯದರ ಮೇಲೇ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಫೈಲಿನ ಹೆಸರು ಕಾಣುತ್ತದೆ, ತೆರೆದರೆ ಏನೂ ಇಲ್ಲ. ಆ ಹುಡುಗ ತನ್ನ ಪ್ರಾಜೆಕ್ಟು ಪೂರ್ತಿ ಅದರಲ್ಲೇ ಇಟ್ಟಿದ್ದ. ಅವನ ಮುಖ ನನಗಿನ್ನೂ ಕಣ್ಣ ಮುಂದಿದೆ.

ಅನುಮಾನ ಬಂದರೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಪ್ರೋಗ್ರಾಂ ಓಡಿಸಿ. ಡ್ರೈವ್ ಪೂರ್ತಿ ಬರೆದು ವಾಪಸ್ ಓದಿ ನಿಜ ಹೇಳುತ್ತದೆ.

ತುಮಕೂರಿನಲ್ಲೇ ಕೊಳ್ಳಲಾ, ಬೆಂಗಳೂರು ಎಸ್‌ಪಿ ರೋಡಿಗೆ ಹೋಗಲಾ?

ಬೆಂಗಳೂರು ಇಲ್ಲಿಂದ ಸುಮಾರು 70 ಕಿಲೋಮೀಟರ್. ಒಂದು ಎಸ್‌ಎಸ್‌ಡಿಗೆ ಒಂದು ದಿನ, ಬಸ್ ಚಾರ್ಜು ಎಲ್ಲಾ ಲೆಕ್ಕ ಹಾಕಿದರೆ ಉಳಿತಾಯ ಉಳಿಯುವುದಿಲ್ಲ. ಪೂರ್ತಿ ಹೊಸ ಕಂಪ್ಯೂಟರ್ ಜೋಡಿಸುವುದಾದರೆ ಹೋಗಿ. ಎಲ್ಲೇ ಕೊಂಡರೂ ಜಿಎಸ್‌ಟಿ ಬಿಲ್ ಕೇಳಿ, ಅದರಲ್ಲಿ ಸೀರಿಯಲ್ ನಂಬರ್ ಬರೆಸಿ. "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ" ಅನ್ನುವ ಮಾತಿಗೆ ಒಪ್ಪಬೇಡಿ. ಮೂರನೇ ವರ್ಷ ಕೆಟ್ಟಾಗ ವಾರಂಟಿ ಬಾಗಿಲು ತೆರೆಯುವುದು ಆ ಕಾಗದ. ಬಿಲ್ಲಿನ ಶಾಯಿ ಬೇಗ ಅಳಿಸಿಹೋಗುತ್ತದೆ, ಅವತ್ತೇ ಫೋಟೋ ತೆಗೆದಿಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪ್ರೋಗ್ರಾಂ ಹಾಕಿ ಎಷ್ಟು ಗಂಟೆ ಓಡಿದೆ, ಎಷ್ಟು ಬರೆದಿದೆ, ಹೆಲ್ತ್ ಎಷ್ಟಿದೆ ಅಂತ ನೋಡಿಯೇ ದುಡ್ಡು ಕೊಡಿ.

ವಿಂಡೋಸ್ ಹೊಸದಾಗಿ ಹಾಕಿಸಬೇಕಾ, ಇರೋದನ್ನೇ ಕ್ಲೋನ್ ಮಾಡಿಸಬೇಕಾ?

ಎರಡೂ ಆಗುತ್ತದೆ. ಕ್ಲೋನ್ ಅಂದರೆ ಹಳೇ ಡಿಸ್ಕಿನಲ್ಲಿರುವುದನ್ನೆಲ್ಲ ಇದ್ದ ಹಾಗೇ ಹೊಸದಕ್ಕೆ ನಕಲು ಮಾಡುವುದು. ಹಳೇ ವಿಂಡೋಸ್ ತುಂಬಾ ಕಸ ತುಂಬಿಕೊಂಡಿದ್ದರೆ, ವೈರಸ್ ಅನುಮಾನ ಇದ್ದರೆ ಹೊಸದು ಹಾಕಿಸಿ. ಟ್ಯಾಲಿ, ಪ್ರಿಂಟರ್, ಸ್ಕ್ಯಾನರ್ ಎಲ್ಲಾ ಸರಿಯಾಗಿ ನಡೆಯುತ್ತಿದ್ದು ಯಾವುದನ್ನೂ ಮತ್ತೆ ಕೂರಿಸುವ ತಾಳ್ಮೆ ಇಲ್ಲದಿದ್ದರೆ ಕ್ಲೋನ್ ಮಾಡಿಸಿ. 500 ಜಿಬಿ ತುಂಬಿದ ಹಾರ್ಡ್ ಡಿಸ್ಕಾದರೆ ಒಂದೂವರೆ ಎರಡು ಗಂಟೆ ಹಿಡಿಯುತ್ತದೆ. ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರುವಷ್ಟು ಸಮಯ.

ಕ್ಲೋನ್ ಮಾಡುವಾಗಿನ ಅಪಾಯ ಒಂದೇ, ಅದು ದೊಡ್ಡದು. ಯಾವುದರಿಂದ ಯಾವುದಕ್ಕೆ ಅನ್ನುವುದು ತಿರುಗಾಮುರುಗಾ ಆದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬರೆದುಬಿಡುತ್ತದೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನನ್ನ ಕೈಯಲ್ಲೇ ಇದು ಆಗಿದೆ. ಎರಡೂ ಒಂದೇ ಕಂಪನಿಯ 500 ಜಿಬಿ ಡ್ರೈವುಗಳು, ಪರದೆಯ ಮೇಲೆ ಹೆಸರು ಒಂದೇ ಥರ ಇತ್ತು. ಒಂದು ಮನೆಯ ನಾಲ್ಕು ವರ್ಷದ ಫೋಟೋಗಳು, ಆ ಮನೆಯ ಮಗು ಮೊದಲು ನಡೆದ ದಿನದ ವಿಡಿಯೋ ಸೇರಿ, ಹೋದವು. ಆ ಮನೆಯ ಅಕ್ಕ ನನ್ನನ್ನು ಬೈಯಲಿಲ್ಲ. ಸುಮ್ನೆ ಕೂತುಬಿಟ್ಟರು. ಅವತ್ತಿನಿಂದ ನಾನು ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಚೀಟಿಯಲ್ಲಿ ಬರೆದುಕೊಂಡು, ಪರದೆಯಲ್ಲಿ ಅದನ್ನು ಹೋಲಿಸಿ ನೋಡದೆ ಬಟನ್ ಒತ್ತುವುದಿಲ್ಲ. ಮುಖ್ಯವಾದ ಫೈಲುಗಳ ಇನ್ನೊಂದು ಪ್ರತಿ ಇಲ್ಲದೆ ಕ್ಲೋನ್ ಶುರು ಮಾಡುವುದೂ ಇಲ್ಲ. ನೀವು ಯಾರಿಗೇ ಕೊಟ್ಟರೂ ಈ ಎರಡನ್ನೂ ಕೇಳಿ.

ಹೊಸ ವಿಂಡೋಸ್ ಹಾಕಿಸುವವರಿಗೆ ನಮ್ಮ ಕನ್ನಡದ್ದೇ ಒಂದು ಎಚ್ಚರಿಕೆ. ನುಡಿ, ಬರಹದಲ್ಲಿ ಹಳೇ ಫಾಂಟುಗಳಿಂದ ಟೈಪ್ ಮಾಡಿದ ಕಡತಗಳಿದ್ದರೆ ಆ ಫಾಂಟುಗಳನ್ನೂ ಎತ್ತಿಟ್ಟುಕೊಳ್ಳಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ಫಾಂಟ್ಸ್ ಅನ್ನುವ ಜಾಗದಲ್ಲಿ ಇರುತ್ತವೆ. ಇಲ್ಲದಿದ್ದರೆ ಕಡತ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂಚಲು ಕಾಣುತ್ತದೆ. ಮೇಷ್ಟ್ರೊಬ್ಬರು ತಮ್ಮ ಇಪ್ಪತ್ತು ವರ್ಷದ ಪ್ರಶ್ನೆಪತ್ರಿಕೆಗಳೆಲ್ಲ ಹಾಳಾದವು ಅಂತ ತಲೆ ಮೇಲೆ ಕೈ ಹೊತ್ತು ಬಂದಿದ್ದರು. ಹಳೇ ಡಿಸ್ಕಿನಿಂದ ಫಾಂಟ್ ತಂದು ಹಾಕಿದ ಕೂಡಲೇ ಎಲ್ಲವೂ ಮರಳಿ ಕನ್ನಡವಾಯಿತು. ಟ್ಯಾಲಿಯ ಡೇಟಾ ಫೋಲ್ಡರೂ ಎಷ್ಟೋ ಸಲ ಸಿ ಡ್ರೈವಿನಲ್ಲೇ ಇರುತ್ತದೆ, ಮರೆಯಬೇಡಿ.

ನಾನೇ ಮನೆಯಲ್ಲಿ ಹಾಕಿಕೊಳ್ಳಬಹುದಾ?

ಧಾರಾಳವಾಗಿ. ಪ್ಲಗ್ ಕೀಳಿ, ಸಿಪಿಯು ಡಬ್ಬದ ಬರೀ ಲೋಹ ಮುಟ್ಟಿ, ಆಮೇಲೆ ಕೈ ಹಾಕಿ. 2.5 ಇಂಚಿನದಕ್ಕೆ ಒಂದು ಸಾಟಾ ಡೇಟಾ ಕೇಬಲ್, ಎಸ್‌ಎಂಪಿಎಸ್‌ನಿಂದ (ಡಬ್ಬದೊಳಗಿನ ಕರೆಂಟ್ ಪೆಟ್ಟಿಗೆ) ಒಂದು ಸಾಟಾ ಪವರ್ ಪಿನ್ ಬೇಕು. ಎಸ್‌ಎಸ್‌ಡಿ ಪೆಟ್ಟಿಗೆಯಲ್ಲಿ ಡೇಟಾ ಕೇಬಲ್ ಸಾಮಾನ್ಯವಾಗಿ ಇರುವುದಿಲ್ಲ, ಅಂಗಡಿಯಲ್ಲೇ ಕೇಳಿ ತನ್ನಿ. ಹಳೇ ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ಸಾಲದೆ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ತೆಗೆಯುವ ಕನ್ವರ್ಟರ್ ಹಾಕಬೇಕಾದರೆ, ತಂತಿಗಳ ಮೇಲೆ ಪ್ಲಾಸ್ಟಿಕ್ ಕರಗಿಸಿ ಒಂದೇ ಮುದ್ದೆ ಮಾಡಿರುವುದನ್ನು ತಗೊಳ್ಳಬೇಡಿ. ಅದರೊಳಗೆ ತಂತಿ ತಂತಿ ತಾಗಿ ಸುಟ್ಟುಹೋಗುವ ಸಾಧ್ಯತೆ ಇದೆ.

ಎಂ.2 ಆದರೆ ಮೂವತ್ತು ಡಿಗ್ರಿ ಓರೆಯಾಗಿ ತೂರಿಸಿ, ಒತ್ತಿ, ತುದಿಗೆ ಸಣ್ಣ ಸ್ಕ್ರೂ ಹಾಕಬೇಕು. ಆ ಸ್ಕ್ರೂ ಬರುವುದು ಬೋರ್ಡಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಎಸೆದಿದ್ದರೆ ಮೊದಲು ಸ್ಕ್ರೂ ಹೊಂದಿಸಿಕೊಳ್ಳಿ.

ಪಾವಗಡದ ಬಿಸಿಲಿಗೆ ತಡೆಯುತ್ತಾ? ಹೀಟ್ ಸಿಂಕ್ ಬೇಕಾ?

ಹೀಟ್ ಸಿಂಕ್ ಅಂದರೆ ಬಿಸಿ ಎಳೆದುಕೊಳ್ಳುವ ಲೋಹದ ಪಟ್ಟಿ. ಸಾಟಾದವಕ್ಕೆ ಬೇಡವೇ ಬೇಡ. ಎನ್‌ವಿಎಂಇ ಬಿಸಿಯಾದಾಗ ತಾನೇ ವೇಗ ಇಳಿಸಿಕೊಂಡು ತಣ್ಣಗಾಗುತ್ತದೆ. ಜೆನ್4ಕ್ಕೆ ಬೋರ್ಡಿನ ಜೊತೆ ಬಂದ ಪಟ್ಟಿ ಸಾಕು, ಆದರೆ ಅದರ ಕೆಳಗಿನ ಪ್ಯಾಡಿಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಕಿತ್ತು ಹಾಕಿ. ಜೆನ್5 ಕೊಳ್ಳುವವರಿಗೆ ಮಾತ್ರ ಹೀಟ್ ಸಿಂಕ್ ಇಲ್ಲದೆ ಆಗುವುದಿಲ್ಲ. ಅದಕ್ಕಿಂತ ಮುಖ್ಯ, ಡಬ್ಬದೊಳಗಿನ ಕೆಂಪು ಧೂಳನ್ನು ಆರು ತಿಂಗಳಿಗೊಮ್ಮೆ ಊದಿಸಿ.

ಪದೇ ಪದೇ ಕರೆಂಟ್ ಹೋಗುತ್ತೆ. ಎಸ್‌ಎಸ್‌ಡಿಗೆ ತೊಂದರೆನಾ?

ಹಾರ್ಡ್ ಡಿಸ್ಕಿನ ಹಾಗೆ ಹೆಡ್ಡು ತಟ್ಟೆಗೆ ಉಜ್ಜುವ ಭಯ ಇಲ್ಲ. ಆದರೆ ಬರೆಯುತ್ತಿರುವ ಹೊತ್ತಿಗೆ ಕರೆಂಟ್ ಹೋದರೆ ಆ ಫೈಲು ಹಾಳಾಗಬಹುದು. ಕಂಪನಿ ಸರ್ವರಿನ ಎಸ್‌ಎಸ್‌ಡಿಗಳಲ್ಲಿ ಅಂಥ ಗಳಿಗೆಗೆ ಅಂತ ಕೆಪಾಸಿಟರ್ ಇಟ್ಟಿರುತ್ತಾರೆ, ಮನೆಗೆ ಬರುವವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. 600 ವಿಎ ಯುಪಿಎಸ್ ಒಂದಿರಲಿ. ಇದ್ದರೆ ಅದರ ಬ್ಯಾಟರಿ ಸತ್ತಿದೆಯಾ ನೋಡಿ. ಎಷ್ಟೋ ಮನೆಗಳಲ್ಲಿ ಯುಪಿಎಸ್ ಬರೀ ಎಕ್ಸ್‌ಟೆನ್ಷನ್ ಬಾಕ್ಸ್ ಆಗಿ ಕೂತಿರುತ್ತದೆ.

ಡೀಫ್ರಾಗ್ ಮಾಡಬೇಕಾ?

ಬೇಡ. ಡೀಫ್ರಾಗ್ ಅಂದರೆ ಚದುರಿದ ಫೈಲುಗಳನ್ನು ಒಟ್ಟಿಗೆ ಜೋಡಿಸುವುದು, ಅದು ಹಾರ್ಡ್ ಡಿಸ್ಕಿಗೆ. ವಿಂಡೋಸ್ ತಾನೇ ಎಸ್‌ಎಸ್‌ಡಿ ಅಂತ ಗುರುತಿಸಿ ಟ್ರಿಮ್ ಅನ್ನುವ, ಅಳಿಸಿದ ಫೈಲಿನ ಜಾಗ ಗುಡಿಸುವ ಬೇರೆ ಕೆಲಸ ಮಾಡಿಕೊಳ್ಳುತ್ತದೆ. ಅದನ್ನು ಹಾಗೇ ಬಿಡಿ.

ಎಸ್‌ಎಸ್‌ಡಿಯಲ್ಲಿ ಇಟ್ಟರೆ ಫೋಟೋಗಳು ಭದ್ರ ತಾನೇ?

ಈ ಪ್ರಶ್ನೆಗೆ ಹೌದು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಹೆಚ್ಚಾಗಿ ಸೂಚನೆ ಕೊಡುತ್ತದೆ. ಟಕ್ ಟಕ್ ಅನ್ನುತ್ತದೆ, ನಿಧಾನವಾಗುತ್ತದೆ. ನಾವು ಓಡಿಹೋಗಿ ಫೈಲು ಎತ್ತಿಕೊಳ್ಳಬಹುದು. ಎಸ್‌ಎಸ್‌ಡಿ ರಾತ್ರಿ ಚೆನ್ನಾಗಿದ್ದು ಬೆಳಿಗ್ಗೆ ಬಯೋಸಿನಲ್ಲೇ ಕಾಣಿಸುವುದಿಲ್ಲ. ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಲೆಕ್ಕ ಹಾಗೇ ಹೋಯಿತು. ವಾರಂಟಿಯಲ್ಲಿ ಹೊಸ ಡ್ರೈವ್ ಬಂತು, ಖಾಲಿಯದು. ವಾರಂಟಿ ಇರುವುದು ಡ್ರೈವಿಗೆ, ಅದರೊಳಗಿನ ಮಾಹಿತಿಗಲ್ಲ.

ಅಳಿಸಿದ್ದನ್ನು ವಾಪಸ್ ತರುವುದೂ ಕಷ್ಟ. ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಮಾಡಿದ ಫೈಲು ಮೇಲೆ ಬೇರೇನೂ ಬರೆಯುವ ತನಕ ಅಲ್ಲೇ ಇರುತ್ತಿತ್ತು, ನಾವು ಎಷ್ಟೋ ಸಲ ತೆಗೆದುಕೊಟ್ಟಿದ್ದೇವೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಬಂದು ಆ ಜಾಗ ಗುಡಿಸಿಬಿಡುತ್ತದೆ. ಆಮೇಲೆ ಯಾರ ಕೈಯಲ್ಲೂ ಆಗುವುದಿಲ್ಲ.

ಮೂರನೆಯದು ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಎಸ್‌ಎಸ್‌ಡಿಯನ್ನು ಕರೆಂಟ್ ಇಲ್ಲದೆ ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟರೆ ಕೋಣೆಗಳಲ್ಲಿ ಕೂಡಿಹಾಕಿದ ವಿದ್ಯುತ್ ಮೆಲ್ಲಗೆ ಸೋರುತ್ತದೆ. ಜೆಡೆಕ್ ಅನ್ನುವ ಮಾನದಂಡ ಸಂಸ್ಥೆ ಮನೆಬಳಕೆಯ ಎಸ್‌ಎಸ್‌ಡಿಗೆ ಕೇಳುವುದು ಇಷ್ಟು: ಪೂರ್ತಿ ಸವೆದ ಮೇಲೂ 30 ಡಿಗ್ರಿ ಬಿಸಿಯಲ್ಲಿ, ಕರೆಂಟ್ ಇಲ್ಲದೆ, ಒಂದು ವರ್ಷ ಮಾಹಿತಿ ಉಳಿಯಬೇಕು. ಹೊಸದಾದರೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಉಳಿಯುತ್ತದೆ. ಬಿಸಿ ಜಾಸ್ತಿಯಾದಷ್ಟೂ ಸೋರುವುದು ಬೇಗ. ಮಗಳ ಮದುವೆ ಆಲ್ಬಮ್ಮನ್ನು ಎಸ್‌ಎಸ್‌ಡಿಯಲ್ಲಿ ಹಾಕಿ ಲಾಕರಿನಲ್ಲಿ ಇಡುವ ಯೋಚನೆ ಬಿಡಿ. ಅದಕ್ಕೆ ಹಾರ್ಡ್ ಡಿಸ್ಕೇ ಸರಿ.

ವಿಂಡೋಸ್ ಎಸ್‌ಎಸ್‌ಡಿಯಲ್ಲಿ ಓಡಲಿ. ಫೋಟೋ, ಲೆಕ್ಕ, ಮಾರ್ಕ್ಸ್ ಕಾರ್ಡಿನ ಸ್ಕ್ಯಾನು ಎರಡು ಬೇರೆ ಬೇರೆ ಡ್ರೈವುಗಳಲ್ಲಿ ಇರಲಿ, ಒಂದು ಕಂಪ್ಯೂಟರಿನಿಂದ ಹೊರಗೆ.

ವಿಂಡೋಸ್ 10 ನಿಂತುಹೋಯಿತಲ್ಲ. ಹಳೇ ಯಂತ್ರಕ್ಕೆ ಈಗ ದುಡ್ಡು ಹಾಕಬೇಕಾ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲಿನಲ್ಲಿ ಎಂಟನೇ ತಲೆಮಾರಿನ ಪ್ರೊಸೆಸರಿನಿಂದ ಈಚೆಗೆ, ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯದ ಜೊತೆ, ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಅದಕ್ಕಿಂತ ಹಳೆಯದಾದರೆ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಸಿಸ್ಟಂ ಕೂರಿಸಿ. ಮಕ್ಕಳ ಓದು, ಬ್ರೌಸರ್, ಕನ್ನಡ ಟೈಪಿಂಗ್ ಎಲ್ಲಾ ನಡೆಯುತ್ತದೆ. ಟ್ಯಾಲಿ ವಿಂಡೋಸಿಗೆ ಮಾಡಿದ್ದು, ಅದು ಬೇಕೇ ಬೇಕು ಅನ್ನುವವರು ಎಸ್‌ಎಸ್‌ಡಿ ಕೊಳ್ಳುವ ಮುಂಚೆ ಹೊಸ ಬೋರ್ಡಿನ ಯೋಚನೆ ಮಾಡಿ. ಆಗ ನೇರ ಎನ್‌ವಿಎಂಇಗೇ ಹೋಗಬಹುದು.

ಹಳೇ ಹಾರ್ಡ್ ಡಿಸ್ಕನ್ನು ಏನು ಮಾಡಲಿ?

ಎರಡು ವಾರ ಹಾಗೇ ಎತ್ತಿಡಿ, ಏನನ್ನೂ ಅಳಿಸಬೇಡಿ. ಮರೆತ ಫೈಲು ನೆನಪಾಗುವುದು ಆ ದಿನಗಳಲ್ಲೇ. ಆಮೇಲೆ ಹೆಲ್ತ್ ಚೆನ್ನಾಗಿದ್ದರೆ ಬ್ಯಾಕಪ್‌ಗೆ ಇಟ್ಟುಕೊಳ್ಳಿ. ಯಾರಿಗಾದರೂ ಕೊಡುವುದಾದರೆ, ಗುಜರಿಗೆ ಹಾಕುವುದಾದರೂ ಸರಿ, ಕ್ವಿಕ್ ಫಾರ್ಮ್ಯಾಟ್ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ರಾತ್ರಿ ಮಲಗುವ ಮುಂಚೆ ಹಾಕಿದರೆ ಬೆಳಿಗ್ಗೆಗೆ ಮುಗಿದಿರುತ್ತದೆ.